ಅವಿವಾಹಿತ ಜೋಡಿಗಳು ಎರಡನೆಯ ಮನೆ ಖರೀದಿಸುವಾಗ ಅನ್ವಯವಾಗುವ ತೆರಿಗೆ ದರಗಳು: ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್

ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಮನೆ ಖರೀದಿಗೆ ಸ್ಟಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸ್ ಎಂಬ ತೆರಿಗೆಯನ್ನು ವಿಧಿಸಲಾಗುತ್ತದೆ. ಈಗಾಗಲೇ ಮನೆಯುಳ್ಳವರು ಮತ್ತೊಂದನ್ನು ಖರೀದಿಸಿದಲ್ಲಿ ಹೆಚ್ಚುವರಿ ದರ ವಿಧಿಸುವ ಪದ್ಧತಿಯು 2016ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆಗ ಶೇ. 3ರಷ್ಟಿದ್ದ ಈ ದರವನ್ನು 2024ರ ಅಕ್ಟೋಬರ್ 31ರಿಂದ ಶೇ. 5ಕ್ಕೆ ಏರಿಸಲಾಗಿದೆ. 40,000 ಪೌಂಡ್‌ಗಿಂತ ಕಡಿಮೆ ಬೆಲೆಯ ಖರೀದಿಗೆ ಇದು ಅನ್ವಯಿಸುವುದಿಲ್ಲ.

ತೆರಿಗೆ ದರಗಳು

2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಗಳು ಈ ಕೆಳಕಂಡಂತಿವೆ. ಪ್ರತಿ ದರವು ಬೆಲೆಯ ಆಯಾ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ.

- 1,25,000 ಪೌಂಡ್‌ವರೆಗೆ: ಸಾಮಾನ್ಯ ದರ ಇಲ್ಲ, ಹೆಚ್ಚಿನ ದರ ಶೇ. 5
- 1,25,001ರಿಂದ 2,50,000: ಶೇ. 2, ಶೇ. 7
- 2,50,001ರಿಂದ 9,25,000: ಶೇ. 5, ಶೇ. 10
- 9,25,001ರಿಂದ 15,00,000: ಶೇ. 10; ಶೇ. 15
- 15,00,000 ಮೀರಿದ ಭಾಗ: ಶೇ. 12, ಶೇ. 17

ಜಂಟಿ ಖರೀದಿ

ಇಬ್ಬರೂ ಸೇರಿ ಖರೀದಿಸಿದಲ್ಲಿ ಪ್ರತಿಯೊಬ್ಬರ ಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತದೆ. ಒಬ್ಬರಿಗೆ ಹೆಚ್ಚಿನ ದರ ಅನ್ವಯಿಸಿದರೂ ಅದನ್ನು ಪೂರ್ಣ ಬೆಲೆಯ ಮೇಲೆ ವಿಧಿಸಲಾಗುತ್ತದೆ. ಆ ವ್ಯಕ್ತಿಯ ಪಾಲಿಗೆ ಮಾತ್ರ ಸೀಮಿತಗೊಳಿಸುವುದಿಲ್ಲ.

ಉದಾಹರಣೆ: 3,00,000 ಪೌಂಡ್ ಬೆಲೆಯ ಮನೆಗೆ ಸಾಮಾನ್ಯ ದರದಲ್ಲಿ ತೆರಿಗೆ 5,000 ಪೌಂಡ್. ಜೋಡಿಯಲ್ಲಿ ಒಬ್ಬರು ತಮ್ಮ ಹಳೆಯ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಉಳಿಸಿಕೊಂಡಿದ್ದಲ್ಲಿ, ಅದೇ ಮನೆಗೆ 20,000 ಪೌಂಡ್ ಪಾವತಿಸಬೇಕಾಗುತ್ತದೆ.

ಒಬ್ಬರ ಹೆಸರಿನಲ್ಲಿ ಖರೀದಿ

ವಿವಾಹಿತರು ಮತ್ತು ಸಿವಿಲ್ ಪಾರ್ಟ್‌ನರ್‌ಶಿಪ್ ನೋಂದಾಯಿಸಿ ಒಟ್ಟಿಗೆ ಬಾಳುತ್ತಿರುವವರ ಪೈಕಿ ಒಬ್ಬರೇ ಖರೀದಿಸಿದರೂ ಮತ್ತೊಬ್ಬರ ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಅವಿವಾಹಿತ ಜೋಡಿಗೆ ಈ ನಿಯಮ ಇಲ್ಲ. ಬೇರೆ ಮನೆ ಇಲ್ಲದವರು ತಮ್ಮ ಹೆಸರಿನಲ್ಲಿಯೇ ಖರೀದಿಸಿದಲ್ಲಿ ಸಾಮಾನ್ಯ ದರ ಅನ್ವಯಿಸುತ್ತದೆ. ಆದರೆ ಟ್ರಸ್ಟ್ ಏರ್ಪಾಟಿನ ಮೂಲಕ ಸಂಗಾತಿಗೆ ಮನೆಯಲ್ಲಿ ಪಾಲು ನೀಡಿದ್ದಲ್ಲಿ ಅವರನ್ನೂ ಖರೀದಿದಾರರೆಂದು ಪರಿಗಣಿಸಲಾಗುವುದು. ಖರೀದಿ ಪೂರ್ಣಗೊಳ್ಳುವ ದಿನದ ವೈವಾಹಿಕ ಸ್ಥಿತಿಯೇ ಗಣನೆಗೆ ಬರುವುದರಿಂದ, ಅದಕ್ಕೆ ಮುನ್ನ ವಿವಾಹವಾಗುವವರು ಈ ವ್ಯತ್ಯಾಸವನ್ನು ಗಮನಿಸುವುದು ಸೂಕ್ತ.

ವಿದೇಶದಲ್ಲಿರುವ ಆಸ್ತಿ

ವಿಶ್ವದ ಯಾವುದೇ ಭಾಗದಲ್ಲಿರುವ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರಿಗೆ ಬೆಂಗಳೂರು ಅಥವಾ ಮೈಸೂರಿನಲ್ಲಿರುವ ಮನೆಯಲ್ಲಿ 40,000 ಪೌಂಡ್ ಅಥವಾ ಅದಕ್ಕೂ ಹೆಚ್ಚು ಮೌಲ್ಯದ ಪಾಲು ಇದ್ದಲ್ಲಿ ಹೆಚ್ಚಿನ ದರ ಅನ್ವಯವಾಗಬಹುದು. ಕಳೆದ 3 ವರ್ಷಗಳಲ್ಲಿ ಪಿತ್ರಾರ್ಜಿತವಾಗಿ ಬಂದ, ಶೇ. 50 ಮೀರದ ಪಾಲಿಗೆ ವಿನಾಯಿತಿ ಇದೆ.

ವಾಸದ ಮನೆಯ ಬದಲಾವಣೆ ಮತ್ತು ಮರುಪಾವತಿ

ಹಿಂದಿನ ಮುಖ್ಯ ವಾಸದ ಮನೆಯನ್ನು ಮಾರಿ ಹೊಸದಕ್ಕೆ ತೆರಳುವವರಿಗೆ ಹೆಚ್ಚಿನ ದರ ಇಲ್ಲ. ಹೊಸ ಮನೆ ಖರೀದಿಸಿದ 3 ವರ್ಷಗಳೊಳಗೆ ಹಳೆಯದನ್ನು ಮಾರಿದಲ್ಲಿ ಹೆಚ್ಚುವರಿ ಮೊತ್ತದ ಮರುಪಾವತಿ ಕೋರಬಹುದು. ಜಂಟಿ ಖರೀದಿಯಲ್ಲಿ ಬೇರೆ ಮನೆ ಉಳ್ಳ ಪ್ರತಿಯೊಬ್ಬರೂ ಈ ಷರತ್ತನ್ನು ಪೂರೈಸತಕ್ಕದ್ದು.

ಸ್ಕಾಟ್ಲೆಂಡ್

ಸ್ಕಾಟ್ಲೆಂಡ್‌ನಲ್ಲಿ ಪ್ರತ್ಯೇಕ ತೆರಿಗೆ ಇದ್ದು, 2024ರ ಡಿಸೆಂಬರ್ 5ರಿಂದ ಹೆಚ್ಚುವರಿ ದರ ಶೇ. 8 ಆಗಿದೆ. ಅಲ್ಲಿ ವಿವಾಹಿತರಂತೆ ಕೂಡಿ ಬಾಳುವ ಜೋಡಿಯನ್ನೂ ಒಂದೇ ಘಟಕವೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಒಬ್ಬರ ಹೆಸರಿನಲ್ಲಿ ಮಾತ್ರ ಖರೀದಿಸುವುದರಿಂದ ದರ ತಗ್ಗುವುದಿಲ್ಲ.

ವಿವರಣಾ ಪತ್ರ ಸಲ್ಲಿಕೆ

ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಖರೀದಿ ಪೂರ್ಣಗೊಂಡ 14 ದಿನಗಳೊಳಗೆ ವಿವರಣಾ ಪತ್ರವನ್ನು ಸಲ್ಲಿಸಿ ತೆರಿಗೆ ಪಾವತಿಸತಕ್ಕದ್ದು.