ಪೆನ್‌ವಿತ್ ಪರ್ಯಾಯದ್ವೀಪ: ಕಡಲು ಮತ್ತು ಗಣಿ ಪರಂಪರೆಯ ಪ್ರವಾಸಿ ತಾಣ

ಪರಿಚಯ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯದ ಪಶ್ಚಿಮ ಭಾಗವನ್ನು ಪೆನ್‌ವಿತ್ ಎಂದು ಕರೆಯಲಾಗುತ್ತದೆ. ಮೂರು ದಿಕ್ಕುಗಳಲ್ಲಿ ಸಮುದ್ರದಿಂದ ಆವೃತವಾದ ಈ ಭೂಭಾಗವು ಲ್ಯಾಂಡ್ಸ್ ಎಂಡ್ ಎಂಬ ಭೂಶಿರದಲ್ಲಿ ಕೊನೆಗೊಳ್ಳುತ್ತದೆ. ತವರ ಹಾಗೂ ತಾಮ್ರದ ಗಣಿಗಾರಿಕೆ ಮತ್ತು ಮೀನುಗಾರಿಕೆ ಇಲ್ಲಿನ ಜನರ ಸಾಂಪ್ರದಾಯಿಕ ಕಸುಬುಗಳಾಗಿದ್ದವು.

ಗಣಿ ಪರಂಪರೆ

ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪ್ರದೇಶಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪೆನ್‌ವಿತ್‌ನಲ್ಲಿ ನೋಡತಕ್ಕ ಪ್ರಮುಖ ಗಣಿಗಳು ಇಂತಿವೆ:

• ಬೊಟಾಲಾಕ್: ಕಡಲ ಬಂಡೆಗಳ ಅಂಚಿನಲ್ಲಿ ನಿಂತಿರುವ ಎರಡು ಯಂತ್ರಗೃಹಗಳು ಇಲ್ಲಿನ ಆಕರ್ಷಣೆ.

• ಲೆವಾಂಟ್: ಇದರ ಸುರಂಗಗಳು ಸಮುದ್ರತಳದ ಅಡಿಯಲ್ಲಿ ಬಹುದೂರ ಸಾಗಿದ್ದವು. 1919ರ ಅಕ್ಟೋಬರ್ 20ರಂದು ಕಾರ್ಮಿಕರನ್ನು ಮೇಲೆತ್ತುವ ಯಂತ್ರವು ಮುರಿದು 31 ಮಂದಿ ಅಸುನೀಗಿದರು. 1840ರಲ್ಲಿ ನಿರ್ಮಿತವಾದ ಇಲ್ಲಿನ ಉಗಿಯಂತ್ರವನ್ನು ಸ್ವಯಂಸೇವಕರು ದುರಸ್ತಿಗೊಳಿಸಿ ಮತ್ತೆ ಚಾಲನೆಗೆ ತಂದಿದ್ದಾರೆ.

• ಗೀವರ್: 1985ರಲ್ಲಿ ತವರದ ಬೆಲೆ ಕುಸಿದುದರಿಂದ ಈ ಗಣಿಯು 1990ರಲ್ಲಿ ಮುಚ್ಚಲ್ಪಟ್ಟಿತು. ಈಗ ಇದು ವಸ್ತುಸಂಗ್ರಹಾಲಯವಾಗಿದ್ದು, ಹಳೆಯ ಸುರಂಗವೊಂದರೊಳಗೆ ಪ್ರವೇಶಾವಕಾಶವಿದೆ.

ಕರ್ನಾಟಕದೊಡನೆ ಸಂಬಂಧ

19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ಗಣಿಗಳು ಕ್ಷೀಣಿಸಲಾರಂಭಿಸಿದಾಗ ಸಾವಿರಾರು ಕುಟುಂಬಗಳು ವಿದೇಶಗಳಿಗೆ ವಲಸೆ ಹೋದವು. ಅವರಲ್ಲಿ ಕೆಲವರು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಬಂದರು. ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು. ಗಣಿ ನಿಂತ ಬಳಿಕವೂ ಅದರ ಕಟ್ಟಡ, ಯಂತ್ರ ಹಾಗೂ ಕಾರ್ಮಿಕರ ನೆನಪುಗಳನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದಕ್ಕೆ ಗೀವರ್ ಒಂದು ಉದಾಹರಣೆ.

ಕಡಲ ಪರಂಪರೆ

ಪೋರ್ತ್‌ಕರ್ನೋ ಕಡಲತೀರದಿಂದ ಹೊರಟ ಸಮುದ್ರಾಂತರ್ಗತ ತಂತಿ ಮಾರ್ಗವು 1870ರಲ್ಲಿ ಬ್ರಿಟನ್ನನ್ನು ಮುಂಬಯಿಯೊಡನೆ ಜೋಡಿಸಿತು. ವಾರಗಟ್ಟಲೆ ಹಿಡಿಯುತ್ತಿದ್ದ ಸಂದೇಶ ರವಾನೆ ಇದರಿಂದ ನಿಮಿಷಗಳ ಕೆಲಸವಾಯಿತು. ಇಲ್ಲಿನ ತಂತಿ ಕಚೇರಿ ಈಗ ವಸ್ತುಸಂಗ್ರಹಾಲಯವಾಗಿದೆ.

ನ್ಯೂಲಿನ್ ಇಂದಿಗೂ ಸಕ್ರಿಯ ಮೀನುಗಾರಿಕಾ ಬಂದರು. ಸಮೀಪದ ಮೌಝಲ್ ಗ್ರಾಮದ 8 ಸ್ವಯಂಸೇವಕರು 1981ರ ಡಿಸೆಂಬರ್ 19ರಂದು ಚಂಡಮಾರುತಕ್ಕೆ ಸಿಲುಕಿದ ಹಡಗಿನವರನ್ನು ರಕ್ಷಿಸಲು ಹೋಗಿ ಪ್ರಾಣತೆತ್ತರು. ಹಡಗಿನಲ್ಲಿದ್ದ 8 ಮಂದಿಯೂ ಉಳಿಯಲಿಲ್ಲ. ಅಂದು ದೋಣಿ ಹೊರಟ ದೋಣಿಮನೆಯನ್ನು ಸ್ಮಾರಕವಾಗಿ ಕಾಪಾಡಲಾಗಿದೆ.

ತಲುಪುವ ಬಗೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪೆನ್‌ಝಾನ್ಸ್‌ಗೆ ನೇರ ರೈಲುಗಳಿದ್ದು, ಪ್ರಯಾಣಕ್ಕೆ ಸುಮಾರು 5 ಗಂಟೆ ಬೇಕಾಗುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಕ್ಕೆ ಸೂಕ್ತ ಕಾಲ. ಭಾರತೀಯ ನಾಗರಿಕರು ಮುಂಚಿತವಾಗಿ ವೀಸಾ ಪಡೆದಿರತಕ್ಕದ್ದು.

ಪ್ರವಾಸಿಗರ ಗಮನಕ್ಕೆ

1. ಪಾಳುಬಿದ್ದ ಗಣಿಕೂಪಗಳು ಪೊದೆಗಳಲ್ಲಿ ಮರೆಯಾಗಿರುವ ಸಂಭವವಿರುವುದರಿಂದ ಗುರುತಿಸಿದ ಕಾಲುದಾರಿಯನ್ನು ಬಿಟ್ಟು ನಡೆಯಬಾರದು.

2. ಸೇಂಟ್ ಮೈಕೇಲ್ಸ್ ಮೌಂಟ್ ದ್ವೀಪಕ್ಕೆ ಇಳಿತದ ಸಮಯದಲ್ಲಿ ಮಾತ್ರ ಕಲ್ಲುಹಾಸಿನ ದಾರಿಯಲ್ಲಿ ನಡೆದು ಹೋಗಬಹುದು. ಭರತ-ಇಳಿತದ ವೇಳಾಪಟ್ಟಿಯನ್ನು ನೋಡಿಯೇ ಹೊರಡತಕ್ಕದ್ದು.

3. ಕಡಿದಾದ ಬಂಡೆಗಳ ಅಂಚಿಗೆ ಮಕ್ಕಳನ್ನು ಬಿಡಬಾರದು.

4. ಕಡಲಲ್ಲಿ ಅಪಾಯವುಂಟಾದರೆ 999 ಸಂಖ್ಯೆಗೆ ಕರೆ ಮಾಡಿ ಕರಾವಳಿ ರಕ್ಷಣಾ ಪಡೆಯ ನೆರವು ಕೋರುವುದು.