ನಾಯಿಗಿಟ್ಟ ತುತ್ತು

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳದ್ದೇ ದೊಡ್ಡ ಪಾಲು. ಅವುಗಳ ನಡುವೆ ಇತ್ತೀಚೆಗೆ ಬೇರೊಂದು ಪ್ರಶ್ನೆ ಮತ್ತೆ ಮತ್ತೆ ಇಣುಕುತ್ತಿದೆ. ಮನೆಯಲ್ಲಿ ನಾಯಿ ಸಾಕಿದ್ದೇವೆ, ಅದಕ್ಕೆ ಅನ್ನ-ಸಾರು ಹಾಕಬಹುದೇ, ಅಂಗಡಿಯ ಪೊಟ್ಟಣವೇ ಆಗಬೇಕೇ? ಕಟ್ಟಡದ ಕೆಳಗಿನ ಬೀದಿನಾಯಿಗೆ ಒಂದು ಚಪಾತಿ ಹಾಕಿದರೆ ಸೊಸೈಟಿಯವರು ಜಗಳಕ್ಕೆ ಬರುತ್ತಾರೆ, ಏನು ಮಾಡೋಣ? ಒಂದಕ್ಕೆ ಪಶುವೈದ್ಯರು ಉತ್ತರಿಸಬೇಕು, ಇನ್ನೊಂದಕ್ಕೆ ವಕೀಲರು. ಆದರೆ ಇಂಥ ಪ್ರಶ್ನೆ ಕನ್ನಡ ಬಿ.ಎ. ಓದಿದವನ ಕೈಗೆ ಸಿಕ್ಕರೆ ನೇರವಾಗಿ ಶಾಸನಕ್ಕೆ ಹೋಗಿ ನಿಲ್ಲುತ್ತದೆ. ಬನ್ನಿ ಕೇಳುಗರೇ, ಅಲ್ಲಿಂದಲೇ ಹೊರಡೋಣ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲೊಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಕಾಲದ್ದು. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಓದುವುದು ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನೇ ಕೊಟ್ಟುಬಿಟ್ಟ. ದೊಡ್ಡವರ ಲೆಕ್ಕ ದೊಡ್ಡದು. ಅದೇ ಯುದ್ಧದಲ್ಲಿ ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಕೆಚ್ಚಿಗೆ ಮೆಚ್ಚಿ ಬೂತುಗ ‘ಏನು ಬೇಕೋ ಕೇಳು’ ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ.

ಮುಂದೆ ಬೆಳತೂರಿನ ಬೆಟ್ಟದ ಬಳಿ ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಒಂದನ್ನೊಂದು ಹಿಡಿದು ಹೋರಾಡುತ್ತಿರುವ ಚಿತ್ರವಿದೆ.

ನನ್ನನ್ನು ತಡೆದು ನಿಲ್ಲಿಸುವುದು ಶಾಸನದ ಕೊನೆಯ ಭಾಗ. ಈ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಅರ್ಥದ ಕಟ್ಟಳೆ ಅಲ್ಲಿದೆ. ಗಮನಿಸಿ, ಸತ್ತು ಕಲ್ಲಾದ ಮೇಲೆ ನಾಯಿಯ ಸರದಿ ಮೊದಲು, ಮನುಷ್ಯನ ಊಟ ಆಮೇಲೆ. ನಮ್ಮ ಹಳ್ಳಿಮನೆಗಳಲ್ಲಿ ಕಂಡದ್ದು ಇದಕ್ಕೆ ತಿರುಗಾಮುರುಗಾ ಕ್ರಮ. ಎಲ್ಲರ ಊಟವಾಗಿ, ಪಾತ್ರೆ ತೊಳೆಯುವ ಮುನ್ನ ತಳದಲ್ಲಿ ಉಳಿದ ಮುದ್ದೆಗೋ ಅನ್ನಕ್ಕೋ ನೀರುಮಜ್ಜಿಗೆ ಕಲಸಿ ಹಿತ್ತಲಲ್ಲಿ ಸುರಿದು ‘ಬಾ ಬಾ’ ಎಂದರೆ ಅದೇ ನಾಯಿಯ ಊಟ. ಬದುಕಿರುವ ನಾಯಿಗೆ ತಂಗಳು, ಸತ್ತ ನಾಯಿಗೆ ಪೂಜೆ! ಆದರೂ ಆ ತಂಗಳು ತಪ್ಪುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಆತಕೂರಿನ ನಂತರ ಸುಮಾರು 180 ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆಯ ಚರಿತ್ರೆ ಬರೆಯುವವರೆಲ್ಲ ಇಡ್ಲಿ-ವಡೆಗಳ ಪೂರ್ವಜರನ್ನು ಹುಡುಕಿಕೊಂಡು ಅದರ ಅನ್ನಭೋಗದ ಅಧ್ಯಾಯಕ್ಕೆ ಹೋಗುತ್ತಾರೆ. ಅದೇ ಗ್ರಂಥದಲ್ಲಿ ‘ಸಾರಮೇಯ ವಿನೋದ’ ಎಂಬ ಅಧ್ಯಾಯವೂ ಇದೆ, ಸಾರಮೇಯ ಎಂದರೆ ನಾಯಿ. ಒಬ್ಬನೇ ಅರಸ ಅಡುಗೆಮನೆಯ ಬಗೆಗೂ ಬೇಟೆನಾಯಿಗಳ ಬಗೆಗೂ ಬರೆದಿಟ್ಟ. ಬಾಗಲಕೋಟೆ ಸೀಮೆಯ ಮುಧೋಳ ನಾಯಿಯನ್ನು ಈ ಬೇಟೆಯ ಪರಂಪರೆಯ ಕೊನೆಯ ಕುಡಿ ಎನ್ನಬಹುದು. ಮುಧೋಳದ ಘೋರ್ಪಡೆ ಅರಸರು ಅದನ್ನು ಬೆಳೆಸಿದರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಮುಧೋಳವೂ ಅವುಗಳಲ್ಲಿತ್ತು.

ಅರಸರ ನಾಯಿಗಳನ್ನು ಬಿಟ್ಟು ದೇವರ ನಾಯಿಗಳಿಗೆ ಬರೋಣ. ಶಾಸನದಲ್ಲಿ ಬಂದ ‘ಗೊರವ’ ಎಂಬ ಮಾತು ಈಗಲೂ ಬದುಕಿದೆ. ಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಜಾತ್ರೆಗೆ ಹೋದವರು ಗೊರವಯ್ಯಗಳನ್ನು ನೋಡಿರುತ್ತೀರಿ. ಕರಿಕಂಬಳಿ, ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ, ಜೊತೆಗೆ ದೋಣಿ ಎಂಬ ಮರದ ಬಟ್ಟಲು. ಮಣಿಕಾಸುರ ಮಲ್ಲಾಸುರರನ್ನು ಕೊಲ್ಲಲು ಮೈಲಾರಲಿಂಗ ಏಳು ಕೋಟಿ ಸೈನ್ಯದೊಡನೆ ಹೊರಟಾಗ ನಾಯಿಗಳೂ ಜೊತೆಗಿದ್ದವು ಎಂಬುದು ಕತೆ. ಆ ನೆನಪಿಗಾಗಿ ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಕಲಸಿ ಇಟ್ಟರೆ ಗೊರವರು ಮಂಡಿಯೂರಿ, ನಾಯಿಯಂತೆ ಬೊಗಳುತ್ತಾ, ಕೈ ಮುಟ್ಟಿಸದೆ ಬಾಯಿ ಹಾಕಿ ತಿನ್ನುತ್ತಾರೆ. ದೇವರ ಬಾಗಿಲಲ್ಲಿ ಮನುಷ್ಯನೇ ನಾಯಿಯಾಗಿ ಉಣ್ಣುವ ಈ ಆಚರಣೆಯನ್ನು ನಾಗರಿಕರೆನಿಸಿಕೊಂಡವರು ನೋಡಿ ಮೂಗು ಮುರಿಯುವುದುಂಟು. ಮುರಿಯಲಿ. ನಾಯಿಯ ತಟ್ಟೆಗೆ ಇಷ್ಟು ಗೌರವ ಕೊಟ್ಟ ಇನ್ನೊಂದು ಆಚರಣೆ ನನಗೆ ಕಂಡಿಲ್ಲ.

ಮುಂಬಯಿ-ಪುಣೆಯ ನಮ್ಮವರಿಗೆ ಇದು ದೂರದ ಮಾತಲ್ಲ. ಪುಣೆಯಾಚೆಯ ಜೇಜುರಿಯ ಖಂಡೋಬ ನಮ್ಮ ಮೈಲಾರನೇ. ಅಲ್ಲಿ ಅರಿಶಿನ ತೂರುತ್ತಾ ಮರಾಠಿ ಭಕ್ತರು ಕೂಗುವ ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’ದಲ್ಲಿ ಅಚ್ಚ ಕನ್ನಡದ ‘ಏಳು ಕೋಟಿ’ ಕುಳಿತಿದೆ. ಅಲ್ಲಿನ ವಾಘ್ಯಾಗಳೂ ಖಂಡೋಬನ ನಾಯಿಗಳೆಂದೇ ಹೇಳಿಕೊಂಡು ಬಂದವರು.

ಇನ್ನು ನಾವಿರುವ ಊರಿನ ಕತೆ. ಬೀದಿನಾಯಿಯ ಜಗಳ ಈಗಿನದೆಂದು ತಿಳಿದವರು 1832ಕ್ಕೆ ಒಮ್ಮೆ ಹೋಗಿಬರಬೇಕು. ಆಗ ಮುಂಬಯಿಯಲ್ಲಿ ಕಂಪನಿ ಸರ್ಕಾರ. ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ನಿಯಮ ಮೊದಲೇ ಇತ್ತು. ಆ ವರ್ಷ ಅವಧಿಯನ್ನು ಜೂನಿಗೂ ಎಳೆದರು, ಕೊಂದ ಒಂದೊಂದು ನಾಯಿಗೆ ಎಂಟಾಣೆ ಎಂದರು. ಎಂಟಾಣೆಯ ಆಸೆಗೆ ಬಿದ್ದವರು ಬೀದಿಯ ನಾಯಿ ಯಾವುದು, ಮನೆಯ ನಾಯಿ ಯಾವುದು ಎಂದು ನೋಡಲಿಲ್ಲ. ಜೂನ್ 6 ಪಾರ್ಸಿಗಳಿಗೆ ಪವಿತ್ರ ದಿನ. ಅಂದು ನಾಯಿ ಹಿಡಿಯುತ್ತಿದ್ದ ಪೊಲೀಸರ ಮೇಲೆ ಜನ ಬಿದ್ದರು. ಮರುದಿನ ಕೋಟೆ ಪ್ರದೇಶದ ಅಂಗಡಿಗಳು ಮುಚ್ಚಿದವು. ಪಾರ್ಸಿಗಳ ಜೊತೆ ಬೇರೆ ಜನರೂ ಸೇರಿದರು. ಕೊಲಾಬಾದ ದಂಡಿಗೆ ಹೋಗಬೇಕಿದ್ದ ಸಾಮಾನು ಸರಂಜಾಮು ನಿಂತಿತು. ಸರ್ಕಾರ ಸೈನಿಕರನ್ನು ಕರೆಸಿತು, ಕೆಲವರಿಗೆ ಶಿಕ್ಷೆಯೂ ಆಯಿತು. ಮುಂದೆ ಜಮ್‌ಷೇಟ್‌ಜೀ ಜೀಜೀಭಾಯಿಯಂಥ ಹಿರಿಯರು ನಡುವೆ ಬಂದು, ನಾಯಿಗಳನ್ನು ಕೊಲ್ಲುವ ಬದಲು ಊರಾಚೆ ಸಾಗಿಸಿ ಎಂದು ಮನವಿ ಮಾಡಿದರು. ಕಂಪನಿ ಸರ್ಕಾರಕ್ಕೆ ಅಂಗಡಿ ಮುಚ್ಚಿ ಎದುರುನಿಂತ ಮುಂಬಯಿಯ ಮೊದಮೊದಲ ಹರತಾಳಗಳಲ್ಲೊಂದು ನಾಯಿಗಾಗಿ ನಡೆಯಿತು!

ಪಾರ್ಸಿಗಳಿಗೆ ಯಾಕಿಷ್ಟು ಸಂಕಟ? ಅವರ ಧರ್ಮಗ್ರಂಥ ‘ವೆಂದಿದಾದ್’ ನಾಯಿಗೆಂದು ಇಡೀ ಒಂದು ಅಧ್ಯಾಯ ಕೊಟ್ಟಿದೆ. ನಾಯಿಗೆ ಸಲ್ಲುವ ಊಟ ಹಾಲು, ಕೊಬ್ಬು, ಮಾಂಸ ಎಂದು ಅದು ಹೇಳುತ್ತದೆ. ಹಲ್ಲಿಗೆ ಸಿಕ್ಕಿಕೊಳ್ಳುವಂಥ ಗಟ್ಟಿ ಎಲುಬನ್ನೋ, ಬಾಯಿ ಸುಡುವಂಥ ಬಿಸಿ ಊಟವನ್ನೋ ಹಾಕುವುದು ಪಾಪವೆಂದು ಎಣಿಸುತ್ತದೆ. ಪುರಾತನ ಧರ್ಮಶಾಸ್ತ್ರವೊಂದು ‘ಆರಿಸಿ ಹಾಕು’ ಎಂದು ಗೃಹಿಣಿಯಂತೆ ಎಚ್ಚರಿಸುವುದು ನೋಡಿದರೆ ಬರೆದವರ ಮನೆಯಲ್ಲಿ ನಾಯಿ ಇದ್ದಿರಲೇಬೇಕು ಅನ್ನಿಸುತ್ತದೆ. ಊಟದ ತಟ್ಟೆಯಿಂದ ನಾಯಿಯ ಪಾಲಿನ ತುತ್ತು ತೆಗೆದಿಡುವ ಪದ್ಧತಿಯೂ ಪಾರ್ಸಿ ಮನೆಗಳಲ್ಲಿತ್ತು. ಗುಜರಾತಿಯಲ್ಲಿ ಅದು ‘ಕುತ್ರಾ ನೋ ಬುಕ್’, ನಾಯಿಯ ತುತ್ತು.

ಆದರೆ ಕಂಪನಿಯವರ ಭಯವೂ ಸುಳ್ಳಾಗಿರಲಿಲ್ಲ. ಹುಚ್ಚುನಾಯಿ ಕಚ್ಚಿದರೆ ಆಗ ಮದ್ದೇ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಹಾಕಿದ್ದು 1885ರ ಜುಲೈ 6ರಂದು. ಭಾರತದಲ್ಲಿ ಕಸೌಲಿಯ ಪಾಶ್ಚರ್ ಸಂಸ್ಥೆ 1900ರಲ್ಲಿ, ನೀಲಗಿರಿಯ ಕೂನೂರಿನದು 1907ರಲ್ಲಿ ಶುರುವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಸಿದ್ಧಪಡಿಸಿದ, ಕುರಿಯ ಮಿದುಳಿನಿಂದ ತೆಗೆಯುವ ಲಸಿಕೆಯೇ ನಮ್ಮ ಹಿರಿಯರು ಹೆದರುತ್ತಿದ್ದ ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’. ಅದನ್ನು ಭಾರತ 2005ರ ಹೊತ್ತಿಗೆ ಕೈಬಿಟ್ಟಿತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ಆದರೂ ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡುವುದು ತಪ್ಪದು. ರೋಗ ಕಾಣಿಸಿಕೊಂಡ ಮೇಲೆ ಇಂದಿಗೂ ಹೆಚ್ಚುಕಡಿಮೆ ಯಾರೂ ಉಳಿಯುವುದಿಲ್ಲ. ನಾಯಿಪ್ರೀತಿಯ ಮಾತಾಡುವಾಗ ಇದನ್ನು ಮರೆಸುವವರು ನನಗೆ ಹಿಡಿಸುವುದಿಲ್ಲ.

ಇನ್ನು ಪೊಟ್ಟಣದ ಊಟ. ಅದರ ಚರಿತ್ರೆ ಚಿಕ್ಕದು. ಅಮೆರಿಕದಿಂದ ಇಂಗ್ಲೆಂಡಿಗೆ ಬಂದ ಜೇಮ್ಸ್ ಸ್ಪ್ರಾಟ್ ಎಂಬಾತ 1860ರ ದಶಕದಲ್ಲಿ ಗೋದಿ, ತರಕಾರಿ, ಮಾಂಸದ ಅಂಶ ಸೇರಿಸಿ ನಾಯಿಬಿಸ್ಕತ್ತು ಮಾರಲು ತೊಡಗಿದ. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣ ಬಿಸ್ಕತ್ತಿಗೆ ನಾಯಿಗಳು ಮುಗಿಬೀಳುವುದನ್ನು ಕಂಡು ಹೊಳೆದದ್ದು ಎನ್ನುತ್ತಾರೆ. ಅಂದರೆ ಅದೂ ಎಂಜಲಿನಿಂದಲೇ ಹುಟ್ಟಿದ ವ್ಯಾಪಾರ. ಅದಕ್ಕೆ ಮುಂಚಿನ ಸಾವಿರಾರು ವರ್ಷ ನಾಯಿ ಮನುಷ್ಯನ ಅಡುಗೆಯನ್ನೇ ತಿಂದು ಬೆಳೆದದ್ದು. ಇದಕ್ಕೆ ವಿಜ್ಞಾನದ ಸಾಕ್ಷಿಯೂ ಸಿಕ್ಕಿದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟವನ್ನು ಅರಗಿಸುವ ಕಿಣ್ವಕ್ಕೆ ಬೇಕಾದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು. ನಮ್ಮ ಹೊಲ, ನಮ್ಮ ಒಲೆ ನಾಯಿಯ ಹೊಟ್ಟೆಯನ್ನೇ ಬದಲಿಸಿಬಿಟ್ಟಿವೆ.

ಹಾಗೆಂದು ಸಾರಿನ ಅನ್ನ ನಿಶ್ಚಿಂತೆಯಾಗಿ ಹಾಕಿ ಎಂದು ನಾನು ಹೇಳಲಾರೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ನಮ್ಮ ಹುಳಿ, ಪಲ್ಯ, ಗೊಜ್ಜುಗಳಲ್ಲಿ ಅವಿಲ್ಲದ್ದು ಎಷ್ಟು? ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಹಬ್ಬದ ಪಾಯಸ-ಕೇಸರಿಭಾತು ದೂರವಿರಲಿ. ಚಾಕೊಲೇಟು ವಿಷ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ, ವೆಂದಿದಾದ್ ಬರೆದವರಿಗೆ ಎಲುಬಿನ ಅಪಾಯ ಗೊತ್ತಿತ್ತು. ಉಪ್ಪು-ಖಾರ-ಒಗ್ಗರಣೆ ಬೀಳುವ ಮುನ್ನ ಅನ್ನ, ಬೇಯಿಸಿದ ಕುಂಬಳ ಅಥವಾ ಗಜ್ಜರಿ, ಜೊತೆಗೆ ಮೊಟ್ಟೆಯನ್ನೋ ಎಲುಬು ತೆಗೆದ ಮಾಂಸವನ್ನೋ ತೆಗೆದಿಟ್ಟರೆ ಅದು ತಕ್ಕಮಟ್ಟಿನ ಊಟ. ಬರೀ ಹಾಲನ್ನ ಹಾಕಿ ಬೆಳೆಸಿದರೆ ಸಾಲದು, ಎಷ್ಟೋ ದೊಡ್ಡ ನಾಯಿಗಳಿಗೆ ಹಾಲು ಒಗ್ಗುವುದೂ ಇಲ್ಲ. ಮೂರು ಹೊತ್ತೂ ಮನೆಯಡುಗೆಯೇ ಎಂದಾದರೆ ಪಶುವೈದ್ಯರನ್ನು ಕೇಳಿ ಸುಣ್ಣದಂಶ ಸರಿದೂಗಿಸಬೇಕು.

ಉಳಿದದ್ದು ಸೊಸೈಟಿಯ ಜಗಳ. ಚೆನ್ನೈಯಲ್ಲಿ 1959ರಲ್ಲಿ ಹುಟ್ಟಿದ ಬ್ಲೂ ಕ್ರಾಸ್‌ನಂಥ ಸಂಸ್ಥೆಗಳು, ಕೊಂದರೆ ನಾಯಿಗಳು ಕಡಿಮೆಯಾಗುವುದಿಲ್ಲ, ಸಂತಾನಹರಣ ಮಾಡಿ ಲಸಿಕೆ ಹಾಕಿ ಎಂದು ದಶಕಗಳ ಕಾಲ ವಾದಿಸಿದವು. ಆ ವಾದ 2001ರಲ್ಲಿ ಕೇಂದ್ರದ ನಿಯಮವಾಯಿತು, 2023ರಲ್ಲಿ ಹೊಸ ನಿಯಮ ಬಂತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲೇ ಇಡಿ ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಹುಚ್ಚು ಹಿಡಿದ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ, ಲಸಿಕೆಯ ನಂತರ ಹಿಡಿದ ಜಾಗಕ್ಕೇ ಬಿಡಿ ಎಂದಿತು. ಜೊತೆಗೆ, ಕಂಡಕಂಡ ಬೀದಿಯಲ್ಲಿ ಊಟ ಹಾಕಬಾರದು, ವಾರ್ಡಿಗೊಂದರಂತೆ ಅದಕ್ಕೆಂದೇ ಜಾಗ ಗುರುತಿಸಬೇಕು ಎಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಮರಳಿ ಅಲ್ಲಿಗೆ ಬಿಡಬಾರದೆಂದಿತು.

ಪತ್ರ ಬರೆದವರಿಗೆ ಕೈಗೆ ಸಿಗುವ ಮಾತು 2023ರ ನಿಯಮದಲ್ಲಿದೆ. ಕಟ್ಟಡದ ನಿವಾಸಿಗಳ ಸಂಘವೂ ಊಟ ಹಾಕುವವರೂ ಕೂತು ಮಾತಾಡಿ ಜಾಗವನ್ನೂ ಹೊತ್ತನ್ನೂ ಗೊತ್ತುಮಾಡಬೇಕು. ಆ ಜಾಗ ಮಕ್ಕಳು ಆಡುವಲ್ಲಿ, ಮೆಟ್ಟಿಲ ಬುಡದಲ್ಲಿ, ಒಳಬರುವ-ಹೊರಹೋಗುವ ದಾರಿಯಲ್ಲಿ ಇರಬಾರದು. ಹಿರಿಯರು ಹೆಚ್ಚು ಓಡಾಡುವ ಕಡೆಯೂ ಬೇಡ. ತಿಂದು ಉಳಿದದ್ದನ್ನು ಬಳಿದು ಜಾಗ ಚೊಕ್ಕಟ ಮಾಡುವುದು ಹಾಕಿದವರ ಕೆಲಸ.