ಲಕ್ವದ ನಂತರ ಕೈಕಾಲು ಸೆಟೆದುಕೊಳ್ಳುವುದೇಕೆ? ಇದಕ್ಕೆ ಚಿಕಿತ್ಸೆ ಏನು?

ಲಕ್ವ ಹೊಡೆದ ಹೊಸದರಲ್ಲಿ ಕೈಕಾಲು ಸಾಮಾನ್ಯವಾಗಿ ಜೋಲು ಬಿದ್ದಿರುತ್ತವೆ. ಕೆಲವು ವಾರಗಳ ನಂತರ ಮೊಣಕೈ ಮಡಚಿಕೊಂಡು, ಮುಷ್ಟಿ ಬಿಗಿದು, ಪಾದ ಒಳಕ್ಕೆ ತಿರುಗುವುದುಂಟು. ಕೈಗೆ ಶಕ್ತಿ ಬರುತ್ತಿದೆ ಎಂದು ಮನೆಯವರು ಸಮಾಧಾನಪಡುತ್ತಾರೆ, ಇಲ್ಲವೇ ನರ ಎಳೆದಿದೆ ಎಂದು ಎಣ್ಣೆ ತಿಕ್ಕಿಸುತ್ತಾರೆ. ಈ ಎರಡೂ ಸರಿಯಲ್ಲ. ಇದರ ಹೆಸರು ಸ್ಪಾಸ್ಟಿಸಿಟಿ, ಅಂದರೆ ಸ್ನಾಯು ಸೆಟೆತ. ಲಕ್ವವಾದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಬರುತ್ತದೆ.

ಸೆಟೆತಕ್ಕೆ ಕಾರಣವೇನು?

ಸ್ನಾಯುವನ್ನು ಎಳೆದರೆ ಅದು ತಾನಾಗಿ ಬಿಗಿಯುತ್ತದೆ. ಈ ಪ್ರತಿಕ್ರಿಯೆ ನಡೆಯುವುದು ಬೆನ್ನುಹುರಿಯಲ್ಲಿ. ಅದು ಅತಿಯಾಗದಂತೆ ಮಿದುಳು ಸದಾ ಹತೋಟಿಯಲ್ಲಿಡುತ್ತದೆ. ಲಕ್ವದಲ್ಲಿ ಮಿದುಳಿನ ಆ ಭಾಗಕ್ಕೆ ಪೆಟ್ಟು ಬಿದ್ದರೆ ಹತೋಟಿ ತಪ್ಪುತ್ತದೆ. ಆದ್ದರಿಂದಲೇ ಕೈಯನ್ನು ವೇಗವಾಗಿ ಎಳೆದಷ್ಟೂ ಅದು ಹೆಚ್ಚು ಬಿಗಿಯುತ್ತದೆ, ನಿಧಾನವಾಗಿ ಬಿಡಿಸಿದರೆ ಸಡಿಲಗೊಳ್ಳುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸ್ನಾಯು ಮತ್ತು ಕೀಲು ಗಿಡ್ಡವಾಗಿ ಗಟ್ಟಿಯಾಗುತ್ತವೆ. ಆಮೇಲೆ ಔಷಧಿಯಿಂದ ಅದನ್ನು ಬಿಡಿಸುವುದು ಕಷ್ಟ.

ನಾಟಿ ಮದ್ದಿನಿಂದ ವಾಸಿಯಾಗುತ್ತದೆಯೇ?

ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ವಾಸಿಯಾಗುತ್ತದೆ ಎಂಬ ನಂಬಿಕೆ ರಾಜ್ಯದ ಹಲವೆಡೆ ಇದೆ. ಚರ್ಮಕ್ಕೆ ಹಚ್ಚಿದ ರಕ್ತ ಮಿದುಳಿನ ಗಾಯವನ್ನು ಮುಟ್ಟುವುದಿಲ್ಲ. ಆದರೂ ಕೆಲವರಿಗೆ ಗುಣ ಕಂಡಂತಾಗಲು ಕಾರಣವಿದೆ: ಲಕ್ವದ ನಂತರದ ಮೊದಲ ವಾರಗಳಲ್ಲಿ ಮಿದುಳು ತಾನೇ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಅದರ ಹೆಸರು ಮದ್ದಿಗೆ ಹೋಗುತ್ತದೆ.

ಹಗುರವಾಗಿ ಎಣ್ಣೆ ಹಚ್ಚಿದರೆ ತೊಂದರೆಯಿಲ್ಲ, ಆದರೆ ಅದೇ ಚಿಕಿತ್ಸೆಯಲ್ಲ. ಬಿಸಿ ಶಾಖ ಕೊಡುವಾಗ ಎಚ್ಚರ: ಸ್ಪರ್ಶ ತಿಳಿಯದ ಕೈ ಸುಟ್ಟರೂ ಗೊತ್ತಾಗುವುದಿಲ್ಲ. ತೋಳು ಹಿಡಿದು ಜಗ್ಗಿ ಎಬ್ಬಿಸಿದರೆ ಭುಜಕ್ಕೆ ಪೆಟ್ಟಾಗುತ್ತದೆ.

ಏನೇನು ಚಿಕಿತ್ಸೆಗಳಿವೆ?

ಮೊದಲು, ಸೆಟೆತ ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಮೂತ್ರದ ಸೋಂಕು, ಮಲಬದ್ಧತೆ, ಬೆನ್ನಿನ ಹುಣ್ಣು ಇವೆಯೇ ನೋಡಬೇಕು. ಎಲ್ಲಿಯದೋ ನೋವು ಸ್ನಾಯುವನ್ನು ಬಿಗಿಸುತ್ತದೆ.

ಫಿಸಿಯೋಥೆರಪಿ: ಇದು ಎಲ್ಲಕ್ಕೂ ಬುನಾದಿ. ಆದರೆ ಬರೀ ಎಳೆದು ಹಿಡಿಯುವುದರಿಂದ ಕೀಲಿನ ಚಲನೆ ಹೇಳಿಕೊಳ್ಳುವಷ್ಟು ಸುಧಾರಿಸುವುದಿಲ್ಲ ಎಂದು 2017ರ ಕಾಕ್ರೇನ್ ವಿಮರ್ಶೆ ಹೇಳಿದೆ. ಎದ್ದು ನಿಲ್ಲುವುದು, ಲೋಟ ಹಿಡಿಯುವುದು, ಹೀಗೆ ಕೆಲಸದ ಅಭ್ಯಾಸವೂ ಜೊತೆಗೆ ಬೇಕು.

ಮಾತ್ರೆ: ಬ್ಯಾಕ್ಲೋಫೆನ್, ಟಿಜಾನಿಡಿನ್ ಇಡೀ ಮೈಯ ಬಿಗಿತ ತಗ್ಗಿಸುತ್ತವೆ. ತೂಕಡಿಕೆ, ನಿತ್ರಾಣ ಬರಬಹುದು. ಬ್ಯಾಕ್ಲೋಫೆನ್ ಅನ್ನು ಏಕಾಏಕಿ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯವಿದೆ.

ಬೊಟುಲಿನಮ್ ಚುಚ್ಚುಮದ್ದು: ಕೈ, ಕಾಲಿನ ಒಂದೆರಡು ಕಡೆ ಮಾತ್ರ ಬಿಗಿತವಿದ್ದರೆ ಆ ಸ್ನಾಯುವಿಗೇ ಕೊಡುವ ಸೂಜಿ ಇದು. ಅಮೆರಿಕದ ಎಫ್‌ಡಿಎ 2010ರಲ್ಲಿ ಕೈಯ ಸೆಟೆತಕ್ಕೆ ಇದನ್ನು ಒಪ್ಪಿತು. ಪರಿಣಾಮ ಸುಮಾರು 3 ತಿಂಗಳು ಇರುತ್ತದೆ. ಬೆಲೆ ಹೆಚ್ಚು, ಆದ್ದರಿಂದ ಆ ಅವಧಿಯಲ್ಲಿ ವ್ಯಾಯಾಮ ಬಿಟ್ಟರೆ ಹಣ ದಂಡ.

ತೀವ್ರ ಪ್ರಕರಣಗಳಲ್ಲಿ ಬೆನ್ನುಹುರಿಯ ದ್ರವಕ್ಕೆ ಔಷಧಿ ಬಿಡುವ ಪಂಪ್, ಸ್ನಾಯುರಜ್ಜು ಉದ್ದ ಮಾಡುವ ಶಸ್ತ್ರಚಿಕಿತ್ಸೆ ಇವೆ.

ವೈದ್ಯರನ್ನು ಏನು ಕೇಳಬೇಕು?

ಇವುಗಳಲ್ಲಿ ಯಾವುದೂ ಕಳೆದ ಶಕ್ತಿಯನ್ನು ನೇರವಾಗಿ ಮರಳಿಸುವುದಿಲ್ಲ, ಬಿಗಿತವನ್ನಷ್ಟೇ ಸಡಿಲಿಸುತ್ತವೆ. ಕೆಲವರು ಕಾಲಿನ ಬಿಗಿತದ ಬಲದಿಂದಲೇ ನಿಲ್ಲುತ್ತಾರೆ, ಅದನ್ನು ತೆಗೆದರೆ ಬೀಳುತ್ತಾರೆ. ಆದ್ದರಿಂದ ‘ವಾಸಿಯಾಗುತ್ತದೆಯೇ?’ ಎನ್ನುವುದಕ್ಕಿಂತ ‘ಅಂಗೈ ತೊಳೆಯುವಂತಾಗುತ್ತದೆಯೇ? ಅಂಗಿ ತೊಡಿಸಲು ತೋಳು ಬಿಡುತ್ತದೆಯೇ?’ ಎಂದು ಕೇಳಿ.

ಕಳಲೆ ಮತ್ತು ಸುತ್ತಲಿನ ಊರಿನವರು ನಂಜನಗೂಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಜೆಎಸ್‌ಎಸ್ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ದಿನವೂ ಪೇಟೆಗೆ ಹೋಗಲಾಗದಿದ್ದರೆ, ಮನೆಯಲ್ಲಿ ಮಾಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಎದುರೇ ಮಾಡಿ ಕಲಿತು ಬನ್ನಿ. ಮುಷ್ಟಿ ಬಿಗಿಯತೊಡಗಿದ ವಾರವೇ ಹೊರಡಿ, ಬೆರಳು ಗಟ್ಟಿಯಾಗುವವರೆಗೆ ಕಾಯಬೇಡಿ.